ಸರಕಿನ ಟ್ರೇಲರು ಬಿಡಾರವಾಗುವ ಬಗೆ

ಸುಗ್ಗಿಯ ಕೆಲಸಗಳು ತೀರಿ ಭಾರತ ಹುಣ್ಣಿಮೆ ಹತ್ತಿರವಾಗುವ ದಿನಗಳಲ್ಲಿ ಹಾವೇರಿ ಸೀಮೆಯ ಹಳ್ಳಿಗಳನ್ನು ಹೊಕ್ಕರೆ ಒಂದು ನೋಟ ಕಣ್ಣಿಗೆ ಬೀಳುವುದುಂಟು. ಮೊನ್ನೆಯವರೆಗೆ ಗೋವಿನಜೋಳದ ಚೀಲಗಳನ್ನೋ ತಿಪ್ಪೆಯ ಗೊಬ್ಬರವನ್ನೋ ಹೊತ್ತು ತಿರುಗುತ್ತಿದ್ದ ಟ್ರ್ಯಾಕ್ಟರಿನ ಟ್ರೇಲರು ಈಗ ಮನೆಯ ಅಂಗಳಕ್ಕೆ ಬಂದು ನಿಂತಿರುತ್ತದೆ. ಅದನ್ನು ತೊಳೆದು ಒಣಗಿಸಿ, ಬಿದಿರಿನ ಕಮಾನುಗಳನ್ನು ಕಟ್ಟಿ, ಮೇಲೆ ತಾಡಪತ್ರಿಯನ್ನು ಹೊದಿಸಿ, ಒಳಗೆ ಹುಲ್ಲು ಹಾಸಿ, ಹುಲ್ಲಿನ ಮೇಲೆ ಜಮಖಾನೆಯನ್ನು ಬಿಡಿಸಿದರೆ ಎರಡು ಮೂರು ದಿನಗಳ ಮಟ್ಟಿಗೆ ಒಂದು ಕುಟುಂಬದ ಮನೆ ಸಿದ್ಧವಾಯಿತು. ತುಂಗಭದ್ರೆಯ ಆಚೆ ದಂಡೆಯ ಮೈಲಾರಕ್ಕೋ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೋ ಹೊರಟ ಜಾತ್ರೆಯ ಬಿಡಾರವಿದು.

ಕರ್ಜಗಿಯ ಇಂಥದೊಂದು ಅಂಗಳದಲ್ಲಿ ಒಂದು ಸಂಜೆ ನಾವು ನಿಂತು ನೋಡಿದೆವು. ಮನೆಯ ಹಿರಿಯರು ಬಿದಿರಿನ ಗಳಗಳನ್ನು ಬಗ್ಗಿಸಿ ಕಟ್ಟುತ್ತಿದ್ದರು. ಕಾಲೇಜಿಗೆ ಹೋಗುವ ಮೊಮ್ಮಗನು ನೀರಿನ ದೊಡ್ಡ ಡ್ರಮ್ಮೊಂದನ್ನು ಟ್ರೇಲರಿನ ಹಿಂಬದಿಯ ಮೂಲೆಗೆ ಉರುಳಿಸುತ್ತಿದ್ದನು. ಅಜ್ಜನವರು ಅದನ್ನು ಕಂಡು ಕೈಕೆಲಸ ನಿಲ್ಲಿಸಿದರು.

"ಅಲ್ಲಿ ಬ್ಯಾಡ ತಮ್ಮಾ, ಮುಂದಕ್ಕ ತಗೊಂಡು ಬಾ. ಹಿಂಭಾರ ಆತಂದ್ರ ಬಂಡಿ ಮಾತು ಕೇಳೂದಿಲ್ಲ."

"ಇದು ಬಂಡಿ ಅಲ್ಲಜ್ಜಾ, ಟ್ರ್ಯಾಕ್ಟರ್ ಐತಿ. ಇದಕ್ಕೇನು ಎತ್ತಿನಂಗ ಕುತ್ತಿಗಿ ನೋಯತೈತೇನು?" ಎಂದು ಹುಡುಗನು ನಕ್ಕನು.

ಹುಡುಗನು ನಕ್ಕರೂ ಅಜ್ಜನವರ ಮಾತಿನಲ್ಲಿ ಯಂತ್ರಶಾಸ್ತ್ರದ ಒಂದು ಮುಖ್ಯವಾದ ನಿಯಮವು ಅಡಗಿತ್ತು. ಅದನ್ನು ಮರೆತವರು ದಾರಿಯಲ್ಲಿ ಕಷ್ಟಕ್ಕೆ ಈಡಾಗುತ್ತಾರೆ. ಸರಕಿಗಾಗಿ ಮಾಡಿದ ಪೆಟ್ಟಿಗೆಯೊಂದರಲ್ಲಿ ಮನುಷ್ಯರು ವಾಸಿಸತೊಡಗಿದಾಗ ಏನೇನು ಬದಲಾಗುತ್ತದೆ? ಚೀಲವು ಉಸಿರಾಡುವುದಿಲ್ಲ, ಎದ್ದು ನಿಲ್ಲುವುದಿಲ್ಲ, ಚಳಿಗೆ ನಡುಗುವುದಿಲ್ಲ. ಮನುಷ್ಯನಾದರೋ ಇವೆಲ್ಲವನ್ನೂ ಮಾಡುತ್ತಾನೆ. ಈ ವ್ಯತ್ಯಾಸದ ಲೆಕ್ಕವನ್ನು ಇಲ್ಲಿ ಸ್ವಲ್ಪ ನೋಡೋಣ.

ಬಂಡಿಮನೆಯ ಹಿಂದಿನ ಕಥೆ

ಕರ್ಜಗಿಗೆ ಬಂಡಿಯೆಂಬುದು ಹೊಸದಲ್ಲ. ಕಾರಹುಣ್ಣಿಮೆಯ ಕರಿಬಂಡಿಗೆ ಹೆಸರಾದ ಊರಿದು. ಬ್ರಿಟಿಷರ ಆಳ್ವಿಕೆಯಲ್ಲಿ ಧಾರವಾಡ ಜಿಲ್ಲೆಯ ಒಂದು ತಾಲ್ಲೂಕು ಈ ಊರಿನ ಹೆಸರನ್ನೇ ಹೊತ್ತಿತ್ತು. ಹುಬ್ಬಳ್ಳಿಯಿಂದ ಹರಿಹರಕ್ಕೆ ಹೋಗುವ ರೈಲುದಾರಿಯಲ್ಲಿ ಹಾವೇರಿ ಮತ್ತು ಸವಣೂರು ನಿಲ್ದಾಣಗಳ ನಡುವೆ ಇಂದಿಗೂ ಕರ್ಜಗಿಯ ನಿಲ್ದಾಣವಿದೆ. ರೈಲು ಮುಟ್ಟದ ಊರುಗಳಿಗೆ ಹೋಗಬೇಕಾದವರು ಕೊಲ್ಲಾರಿ ಬಂಡಿಯನ್ನು ಕಟ್ಟಿ, ಎತ್ತಿನ ಮೇವನ್ನೂ ತಮ್ಮ ಬುತ್ತಿಯನ್ನೂ ಅದರಲ್ಲಿಯೇ ಹೇರಿಕೊಂಡು ಹೊರಡುತ್ತಿದ್ದರು. ರಾತ್ರಿಯಾದಲ್ಲಿ ಎತ್ತುಗಳನ್ನು ಬಿಚ್ಚಿ, ಬಂಡಿಯ ಕೆಳಗೋ ಮೇಲೋ ಮಲಗಿ, ಬೆಳಗಾಗುತ್ತಲೇ ಮುಂದಿನ ದಾರಿ ಹಿಡಿಯುತ್ತಿದ್ದರು. ಟ್ರ್ಯಾಕ್ಟರು ಬಂದ ಮೇಲೆ ಎತ್ತಿನ ಜಾಗಕ್ಕೆ ಎಂಜಿನ್ನು ಬಂದಿತೇ ಹೊರತು ಬಿಡಾರ ಹೂಡುವ ಪದ್ಧತಿ ಬದಲಾಗಲಿಲ್ಲ.

ಹೊರದೇಶಗಳಲ್ಲಿಯೂ ಈ ಕಥೆ ಹೆಚ್ಚು ಬೇರೆಯಲ್ಲ. ಇಂಗ್ಲೆಂಡಿನಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ನೌಕಾದಳದ ನಿವೃತ್ತ ವೈದ್ಯರು 1885ರಲ್ಲಿ 'ವಾಂಡರರ್' ಎಂಬ ಬಂಡಿಮನೆಯನ್ನು ಬ್ರಿಸ್ಟಲ್ ನಗರದ ಬಂಡಿ ಕಾರ್ಖಾನೆಯೊಂದರಲ್ಲಿ ಮಾಡಿಸಿದರು. ಸುಮಾರು 2 ಟನ್ ತೂಗುತ್ತಿದ್ದ ಅದನ್ನು ಎರಡು ಕುದುರೆಗಳಿಂದ ಎಳೆಸುತ್ತಾ ಅವರು ಸ್ಕಾಟ್ಲೆಂಡಿನವರೆಗೆ ಪ್ರವಾಸ ಮಾಡಿದರು. ವಿಹಾರಕ್ಕಾಗಿಯೇ ಮಾಡಿದ ಮೊದಮೊದಲ ಬಂಡಿಮನೆಗಳಲ್ಲಿ ಅದೂ ಒಂದು. ಮುಂದೆ ಅಮೆರಿಕದಲ್ಲಿ ವಾಲಿ ಬಯಮ್ ಎಂಬವರು ಹಳೆಯ ಮೋಟಾರಿನ ಅಡಿಗಟ್ಟಿನ ಮೇಲೆ ಮೊದಲು ಒಂದು ಡೇರೆಯನ್ನು ಕಟ್ಟಿ ನೋಡಿದರು. ಮಳೆಗಾಳಿಗೆ ಅದು ಸಾಲದೆನಿಸಿದಾಗ ಗಟ್ಟಿಯಾದ ಮಾಡಿನ ಟ್ರೇಲರನ್ನು ರಚಿಸಿ, ಅದರ ನಕ್ಷೆಯನ್ನು ಸಾಮಾನ್ಯ ಜನರಿಗೆ ಮಾರಿದರು. 1936ರಲ್ಲಿ ಅವರ ಕಂಪನಿಯು ಅಲ್ಯೂಮಿನಿಯಂ ತಗಡಿನ ಪ್ರಸಿದ್ಧವಾದ 'ಏರ್‌ಸ್ಟ್ರೀಮ್ ಕ್ಲಿಪ್ಪರ್' ಟ್ರೇಲರನ್ನು ಹೊರತಂದಿತು. ಹೀಗೆ ಇಂದಿನ ಬೆಲೆಬಾಳುವ ಕ್ಯಾರವಾನುಗಳ ಮೂಲದಲ್ಲಿಯೂ ಮನೆಯಂಗಳದ ಕೈಕೆಲಸವೇ ಇದೆ.

ನಮ್ಮ ದೇಶದ ಈಚಿನ ಉದಾಹರಣೆಯೊಂದನ್ನು ವಾಚಕರು ಬಲ್ಲರು. 2020ರ ನವೆಂಬರಿನಿಂದ 2021ರ ಡಿಸೆಂಬರಿನವರೆಗೆ, ಒಂದು ವರ್ಷಕ್ಕೂ ಮೀರಿ, ದೆಹಲಿಯ ಗಡಿಯ ಸಿಂಘು ಮತ್ತು ಟಿಕ್ರಿಗಳಲ್ಲಿ ರೈತರು ಚಳವಳಿ ಹೂಡಿದ್ದರು. ಆಗ ಸಾವಿರಾರು ಜನರು ರಾತ್ರಿ ಕಳೆದದ್ದು ತಾಡಪತ್ರಿ ಹೊದಿಸಿದ ಟ್ರ್ಯಾಕ್ಟರ್ ಟ್ರೇಲರುಗಳಲ್ಲಿಯೇ. ಉತ್ತರ ಭಾರತದ ಕೊರೆಯುವ ಚಳಿ, ಮೇ ತಿಂಗಳ ಉರಿಬಿಸಿಲು, ಬಳಿಕ ಮಳೆ, ಈ ಮೂರನ್ನೂ ಆ ಸರಕಿನ ಪೆಟ್ಟಿಗೆಗಳು ಕಂಡವು. ನಿಂತ ಟ್ರೇಲರು ಒಳ್ಳೆಯ ಮನೆಯಾಗಬಲ್ಲದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಆದರೆ 'ನಿಂತ' ಎಂಬ ಮಾತನ್ನು ಇಲ್ಲಿ ಗಮನಿಸಬೇಕು. 2022ರ ಅಕ್ಟೋಬರ್ 1ರಂದು ಉತ್ತರ ಪ್ರದೇಶದ ಕಾನ್ಪುರ ಜಿಲ್ಲೆಯ ಘಾಟಂಪುರದ ಬಳಿ, ದೇವಸ್ಥಾನದಿಂದ ಮರಳುತ್ತಿದ್ದ ಯಾತ್ರಿಕರಿದ್ದ ಟ್ರೇಲರು ಕೆರೆಗೆ ಉರುಳಿ ಇಪ್ಪತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಒಂದೇ ಬಗೆಯ ವಾಹನವು ಒಂದೆಡೆ ವರ್ಷಗಟ್ಟಲೆ ಆಸರೆಯಾಯಿತು, ಇನ್ನೊಂದೆಡೆ ಕ್ಷಣದಲ್ಲಿ ಮೃತ್ಯುವಾಯಿತು. ಇದಕ್ಕೆ ಕಾರಣವನ್ನು ಅಜ್ಜನವರ ಹಿಂಭಾರದ ಮಾತಿನಿಂದಲೇ ತಿಳಿಯಲು ತೊಡಗೋಣ.

ನೊಗ ಕಲಿಸುವ ಪಾಠ

ಎರಡು ಗಾಲಿಯ ಬಂಡಿಯೆಂದರೆ ಅಚ್ಚಿನ ಮೇಲೆ ಕುಳಿತ ಒಂದು ತಕ್ಕಡಿ. ಅಚ್ಚಿನ ಮುಂದೆ ಹೇರಿದ ಭಾರವು ನೊಗವನ್ನು ಕೆಳಕ್ಕೆ ಒತ್ತುತ್ತದೆ, ಹಿಂದೆ ಹೇರಿದ ಭಾರವು ನೊಗವನ್ನು ಮೇಲಕ್ಕೆ ಎತ್ತುತ್ತದೆ. ಮುಂಭಾರವು ಅತಿಯಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ, ಹಿಂಭಾರವಾದರೆ ಕೊರಳಪಟ್ಟಿ ಗಂಟಲನ್ನು ಬಿಗಿಯುತ್ತದೆ. ಆದುದರಿಂದ ಬಲ್ಲ ರೈತನು ನೊಗದ ಮೇಲೆ ತಕ್ಕಷ್ಟೇ ಭಾರವಿರುವಂತೆ ನೋಡಿಕೊಂಡು ಹೇರುತ್ತಾನೆ.

ಎರಡು ಗಾಲಿಯ ಟ್ರೇಲರಿನಲ್ಲಿ ನೊಗದ ಜಾಗದಲ್ಲಿ ಟ್ರ್ಯಾಕ್ಟರಿನ ಹುಕ್ಕು ಇದೆ. ಹುಕ್ಕಿನಿಂದ ಅಚ್ಚಿನವರೆಗಿನ ದೂರ 3 ಮೀಟರು ಎಂದು ಇಟ್ಟುಕೊಳ್ಳೋಣ. 200 ಲೀಟರು ನೀರು ತುಂಬಿದ ಡ್ರಮ್ಮಿನಲ್ಲಿ ನೀರಿನ ತೂಕವೇ 200 ಕಿಲೋಗ್ರಾಂ. ಹುಡುಗನು ಇಡಹೊರಟಂತೆ ಅದನ್ನು ಅಚ್ಚಿನಿಂದ 1 ಮೀಟರು ಹಿಂದೆ ಇಟ್ಟರೆ, 200ನ್ನು 1ರಿಂದ ಗುಣಿಸಿ 3ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 67 ಕಿಲೋಗ್ರಾಂ ಭಾರವು ಹುಕ್ಕಿನ ಮೇಲಿನಿಂದ ಕಡಿಮೆಯಾಗುತ್ತದೆ. ಅದೇ ಡ್ರಮ್ಮನ್ನು ಅಚ್ಚಿಗಿಂತ 30 ಸೆಂಟಿಮೀಟರು ಮುಂದಕ್ಕೆ ಇಟ್ಟರೆ ಹುಕ್ಕಿಗೆ 20 ಕಿಲೋಗ್ರಾಂ ಭಾರವು ಸೇರುತ್ತದೆ. ಒಂದು ಡ್ರಮ್ಮಿನ ಜಾಗ ಬದಲಾದ ಮಾತ್ರಕ್ಕೆ ಹುಕ್ಕಿನಲ್ಲಿ 87 ಕಿಲೋಗ್ರಾಂ ವ್ಯತ್ಯಾಸವಾಯಿತು.

ಟ್ರ್ಯಾಕ್ಟರಿಗೆ ಕುತ್ತಿಗೆ ನೋಯದಿರಬಹುದು. ಆದರೆ ಹುಕ್ಕನ್ನು ಮೇಲಕ್ಕೆ ಎತ್ತಿದರೆ ಅದರ ಹಿಂಗಾಲಿಗಳ ಮೇಲಿನ ಭಾರವು ತಗ್ಗಿ, ನೆಲದ ಹಿಡಿತವೂ ತಗ್ಗುತ್ತದೆ. ಎಳೆಯುವುದೂ ನಿಲ್ಲಿಸುವುದೂ ಆ ಗಾಲಿಗಳಿಂದಲೇ ತಾನೆ? ಮೇಲಾಗಿ, ಭಾರವೆಲ್ಲ ಹಿಂದಕ್ಕೆ ಸೇರಿದ ಟ್ರೇಲರು ವೇಗದಲ್ಲಿ ಬಾಲ ಬೀಸುವಂತೆ ಅತ್ತಿತ್ತ ಓಲಾಡತೊಡಗುತ್ತದೆ. ಮೋಟಾರುಕಾರಿನ ಹಿಂದೆ ಕಟ್ಟುವ ಎರಡು ಗಾಲಿಯ ಬಂಡಿಮನೆಗಳಲ್ಲಿ ಟ್ರೇಲರಿನ ಒಟ್ಟು ತೂಕದ ಸುಮಾರು ಹತ್ತನೆಯ ಒಂದು ಪಾಲು ಹುಕ್ಕಿನ ಮೇಲೆ ಇರಬೇಕೆಂದು ಅಮೆರಿಕದಲ್ಲಿ ನಿಯಮ ಹೇಳುವುದು ಈ ಓಲಾಟವನ್ನು ತಡೆಯಲೆಂದೇ.

ಈಗ ಮನುಷ್ಯರ ಮಾತಿಗೆ ಬರೋಣ. ಚೀಲಗಳನ್ನು ಒಮ್ಮೆ ಸರಿಯಾಗಿ ಹೇರಿದರೆ ಊರು ಮುಟ್ಟುವವರೆಗೂ ಅವು ಕದಲುವುದಿಲ್ಲ. ಮನುಷ್ಯರು ಹಾಗಲ್ಲ. ದಾರಿಯಲ್ಲಿ ಏನಾದರೂ ಕಾಣಿಸಿದರೆ ಹತ್ತು ಮಂದಿ ಎದ್ದು ಹಿಂಬದಿಯ ಹಲಗೆಗೆ ಒರಗುತ್ತಾರೆ. ಹತ್ತು ಮಂದಿಯೆಂದರೆ ಸುಮಾರು 500 ಕಿಲೋಗ್ರಾಂ ಹಿಂಭಾರ! ಎಷ್ಟೇ ಜಾಣನಾದ ಚಾಲಕನಾದರೂ ತನ್ನ ಬೆನ್ನ ಹಿಂದೆ ಕ್ಷಣಕ್ಷಣಕ್ಕೂ ಜಾಗ ಬದಲಿಸುವ ಇಂಥ ಸರಕನ್ನು ಸಂಭಾಳಿಸಲಾರನು.

ಎತ್ತರದಲ್ಲಿ ಅಡಗಿದ ಅಪಾಯ

ಹಿಂದು ಮುಂದಿನ ಲೆಕ್ಕದಷ್ಟೇ ಮುಖ್ಯವಾದುದು ಮೇಲು ಕೆಳಗಿನ ಲೆಕ್ಕ. ಯಾವ ವಸ್ತುವಿಗಾದರೂ ಅದರ ತೂಕವೆಲ್ಲ ಒಂದೆಡೆ ಕೂಡಿಕೊಂಡಂತೆ ವರ್ತಿಸುವ ಒಂದು ಬಿಂದುವುಂಟು. ಅದೇ ಗುರುತ್ವ ಕೇಂದ್ರ. ಈ ಬಿಂದುವಿನಿಂದ ಇಳಿಬಿಟ್ಟ ತೂಗುಗುಂಡಿನ ದಾರವು ಎರಡು ಗಾಲಿಗಳ ನಡುವೆ ಬೀಳುತ್ತಿರುವವರೆಗೆ ವಾಹನವು ನಿಂತಿರುತ್ತದೆ. ಗಾಲಿಯನ್ನು ದಾಟಿ ಹೊರಗೆ ಬಿದ್ದರೆ ಉರುಳುತ್ತದೆ.

ಗಾಲಿಯಿಂದ ಗಾಲಿಗೆ ಒಂದೂವರೆ ಮೀಟರು ಅಗಲವಿರುವ ಟ್ರೇಲರೊಂದನ್ನು ತೆಗೆದುಕೊಳ್ಳೋಣ. ಅದರಲ್ಲಿ ಗೋವಿನಜೋಳದ ಚೀಲಗಳನ್ನು ತಗ್ಗಾಗಿ ಹೇರಿದಾಗ ಗುರುತ್ವ ಕೇಂದ್ರವು ನೆಲದಿಂದ 1 ಮೀಟರು ಎತ್ತರದಲ್ಲಿದೆ ಎನ್ನೋಣ. ಆಗ ಅದನ್ನು ಪಕ್ಕಕ್ಕೆ ಸುಮಾರು 37 ಅಂಶಗಳಷ್ಟು ವಾಲಿಸಿದರೆ ಮಾತ್ರ ಅದು ಉರುಳೀತು. ಬ್ಯಾಡಗಿಯ ಪೇಟೆಗೆ ಹೊರಟ ಒಣಮೆಣಸಿನಕಾಯಿಯ ಚೀಲಗಳನ್ನು ನೆನೆಯಿರಿ. ಅವು ಹಗುರ, ಆದರೆ ಗೋಪುರದಂತೆ ಎತ್ತರ. ಅಂಥ ಹೇರಿನ ಗುರುತ್ವ ಕೇಂದ್ರ ಮೇಲೇರಿರುವುದರಿಂದಲೇ ಚಾಲಕರು ತಿರುವಿನಲ್ಲಿ ನಿಧಾನಿಸುತ್ತಾರೆ. ಟ್ರೇಲರಿನಲ್ಲಿ ಜನರು ನಿಂತರೂ, ಹೆಚ್ಚು ಮಂದಿ ಹಿಡಿಯಲೆಂದು ಹಲಗೆ ಹಾಕಿ ಅಟ್ಟ ಕಟ್ಟಿದರೂ ಆಗುವುದು ಇದೇ. ಗುರುತ್ವ ಕೇಂದ್ರವು 1.6 ಮೀಟರಿಗೆ ಏರಿದರೆ 25 ಅಂಶಗಳ ವಾಲುವಿಕೆಗೇ ಟ್ರೇಲರು ಉರುಳುತ್ತದೆ.

ತಿರುವಿನಲ್ಲಿ ಈ ಲೆಕ್ಕ ಇನ್ನೂ ಬಿಗಿಯಾಗುತ್ತದೆ. 15 ಮೀಟರು ತ್ರಿಜ್ಯದ ತಿರುವೊಂದನ್ನು ಊಹಿಸಿ. ಚೀಲ ಹೇರಿದ ಟ್ರೇಲರು ಲೆಕ್ಕದ ಪ್ರಕಾರ ಗಂಟೆಗೆ 38 ಕಿಲೋಮೀಟರು ವೇಗದವರೆಗೆ ಉರುಳದೆ ತಾಳಬಲ್ಲದು. ಅಟ್ಟದ ಮೇಲೆ ಜನರನ್ನು ಹೊತ್ತ ಟ್ರೇಲರಿಗೆ ಈ ಮಿತಿ 30ಕ್ಕೆ ಇಳಿಯುತ್ತದೆ. ಇದು ಸಮವಾದ ರಸ್ತೆಯ ಲೆಕ್ಕ. ಒಂದು ಗಾಲಿ ಗುಂಡಿಗೆ ಇಳಿದರೆ, ರಸ್ತೆಯಂಚಿನ ಸಡಿಲ ಮಣ್ಣು ಕುಸಿದರೆ, ತಿರುವಿಗೆ ಜನರೆಲ್ಲ ಒಂದೇ ಕಡೆಗೆ ವಾಲಿದರೆ ಮಿತಿಯು ಮತ್ತಷ್ಟು ತಗ್ಗುತ್ತದೆ. 'ನಾವು ಮೆಲ್ಲಗೇ ಹೋಗುತ್ತಿದ್ದೆವು' ಎಂದು ಅಪಘಾತದ ಬಳಿಕ ಹೇಳುವವರು ಸುಳ್ಳಾಡುವವರಲ್ಲ. ಚೀಲದ ಹೇರಿಗೆ ಮೆಲ್ಲಗಾದ ವೇಗವು ಜನರ ಹೇರಿಗೆ ಮೆಲ್ಲಗಲ್ಲ, ಅಷ್ಟೇ.

ನಿಲ್ಲಿಸುವ ಕಷ್ಟ, ಕುಲುಕಿನ ಕಷ್ಟ

ಓಡುವ ವಾಹನದಲ್ಲಿರುವ ಚಲನಶಕ್ತಿಯನ್ನು ಬ್ರೇಕು ಉಷ್ಣವಾಗಿ ಮಾರ್ಪಡಿಸಿದಾಗಲೇ ವಾಹನವು ನಿಲ್ಲುತ್ತದೆ. 2 ಟನ್ನಿನ ಟ್ರ್ಯಾಕ್ಟರು ಒಂಟಿಯಾಗಿ ಗಂಟೆಗೆ 30 ಕಿಲೋಮೀಟರು ವೇಗದಲ್ಲಿ ಓಡುತ್ತಿದ್ದು, ಒಳ್ಳೆಯ ಬ್ರೇಕು ಹಿಡಿದಾಗ 7 ಮೀಟರಿನಲ್ಲಿ ನಿಲ್ಲುತ್ತದೆ ಎನ್ನೋಣ. ಅದರ ಹಿಂದೆ 4 ಟನ್ ತೂಕದ, ಸ್ವಂತ ಬ್ರೇಕಿಲ್ಲದ ಟ್ರೇಲರನ್ನು ಕಟ್ಟಿದರೆ ತೂಕವು ಮೂರು ಪಟ್ಟಾಯಿತು. ಚಲನಶಕ್ತಿಯೂ ಮೂರು ಪಟ್ಟಾಯಿತು. ಬ್ರೇಕು ಮಾತ್ರ ಮೊದಲಿನದೇ. ಆದುದರಿಂದ ನಿಲ್ಲಲು ಬೇಕಾದ ದೂರವೂ ಮೂರು ಪಟ್ಟಾಗಿ 21 ಮೀಟರು ಆಗುತ್ತದೆ. ಚಾಲಕನು ಕಂಡು, ತಿಳಿದು, ಕಾಲೊತ್ತುವಷ್ಟರಲ್ಲಿ ಕಳೆಯುವ ಒಂದು ಸೆಕೆಂಡಿಗೆ ಇನ್ನೂ 8 ಮೀಟರನ್ನು ಕೂಡಿಸಿಕೊಳ್ಳಬೇಕು. ಇಳಿಜಾರಿನಲ್ಲಿಯಂತೂ ಹಿಂದಿನ ಟ್ರೇಲರು ಮುಂದಿನ ಟ್ರ್ಯಾಕ್ಟರನ್ನು ದಬ್ಬುತ್ತದೆ. ಟ್ರ್ಯಾಕ್ಟರು ಸ್ವಲ್ಪ ಓರೆಯಾಗಿದ್ದರೂ ಸಾಕು, ಎರಡೂ ಚಾಕುವಿನ ಹಿಡಿ ಮತ್ತು ಅಲಗುಗಳಂತೆ ಮಡಚಿಕೊಳ್ಳುತ್ತವೆ.

ಸರಕಿನ ಟ್ರೇಲರಿನಲ್ಲಿ ಕುಳಿತವರ ಮೈಕೈ ನೋವಿಗೂ ಕಾರಣವುಂಟು. ಸ್ಪ್ರಿಂಗು ಎಷ್ಟು ಭಾರಕ್ಕೆಂದು ಮಾಡಿದೆಯೋ ಅಷ್ಟು ಭಾರವಿದ್ದಾಗಲೇ ಅದು ಮೆತ್ತಗೆ ಆಡುತ್ತದೆ. ತುಂಬಿದ ಹೇರಿಗೆ ಅದು 10 ಸೆಂಟಿಮೀಟರು ಕುಗ್ಗುವುದಾದರೆ ಟ್ರೇಲರು ಸೆಕೆಂಡಿಗೆ ಸುಮಾರು ಒಂದೂವರೆ ಸಲ ತೂಗುತ್ತದೆ. ಭಾರವು ಕಡಿಮೆಯಾಗಿ 2 ಸೆಂಟಿಮೀಟರು ಮಾತ್ರ ಕುಗ್ಗಿದರೆ ಸೆಕೆಂಡಿಗೆ ಮೂರೂವರೆ ಸಲ ಕುಲುಕುತ್ತದೆ. ಸ್ಪ್ರಿಂಗೇ ಇಲ್ಲದ ಟ್ರೇಲರಿನಲ್ಲಿ ಈ ಕುಲುಕು ಇನ್ನೂ ಚುರುಕಾಗಿರುತ್ತದೆ. ಕುಳಿತ ಮನುಷ್ಯನ ದೇಹಕ್ಕೆ ಸೆಕೆಂಡಿಗೆ 4ರಿಂದ 8ರವರೆಗಿನ ಮೇಲು ಕೆಳಗಿನ ಕಂಪನವೇ ಎಲ್ಲಕ್ಕಿಂತ ಹೆಚ್ಚಾಗಿ ತಟ್ಟುತ್ತದೆಂದು ತಜ್ಞರು ಕಂಡುಕೊಂಡಿದ್ದಾರೆ. ಚೀಲಗಳಿಗೆ ಹಿತವಾದ ವಾಹನದಲ್ಲಿ ಅಜ್ಜಿಯ ಬೆನ್ನು ಹಿಡಿದುಕೊಳ್ಳುವುದು ಇದರಿಂದಲೇ.

ಇವೆಲ್ಲವೂ ಓಡುವ ಟ್ರೇಲರಿನ ದೋಷಗಳು. ಗಾಲಿಗಳು ನಿಂತೊಡನೆ ಇವು ಒಂದೊಂದಾಗಿ ಮಾಯವಾಗುತ್ತವೆ. ಅಂದಮೇಲೆ ನಿಂತ ಟ್ರೇಲರನ್ನು ಒಳ್ಳೆಯ ಬಿಡಾರವಾಗಿ ಮಾಡುವುದು ಹೇಗೆ?

ಬಿಡಾರವನ್ನು ಹೂಡುವುದು

ಮೊದಲು ಜಾಗದ ಆಯ್ಕೆ. ಸಮವಾದ, ಗಟ್ಟಿಯಾದ, ನೀರು ನಿಲ್ಲದ ನೆಲವನ್ನು ಆರಿಸಿಕೊಳ್ಳಬೇಕು. ಎರಡು ಗಾಲಿಗಳಿಗೂ ಹಿಂದೆ ಮುಂದೆ ಕಲ್ಲನ್ನೋ ಮರದ ತುಂಡನ್ನೋ ಕೊಡಬೇಕು. ಟ್ರ್ಯಾಕ್ಟರನ್ನು ಬಿಡಿಸುವ ಮುನ್ನ ಟ್ರೇಲರಿನ ಮೂಗಿನ ಕೆಳಗೆ ಗಟ್ಟಿಯಾದ ಊರೆ ಇರಬೇಕು. ಬಳಿಕ ನಾಲ್ಕು ಮೂಲೆಗಳಿಗೂ ಊರೆ ಕೊಡತಕ್ಕದ್ದು. ಅಚ್ಚಿನ ಮೇಲಿನ ತಕ್ಕಡಿಯನ್ನು ಹೀಗೆ ನಾಲ್ಕು ಕಾಲಿನ ಮಂಚವಾಗಿ ಮಾಡಿದ ಮೇಲೆ ಯಾರು ಎಲ್ಲಿಗೆ ಸರಿದರೂ ಅದು ವಾಲುವುದಿಲ್ಲ. ಬರಿಯ ಜಾಕಿನ ಮೇಲೆ ನಂಬಿಕೆ ಬೇಡ. ಜಾಕಿನಿಂದ ಎತ್ತಿ, ಮರದ ದಿಮ್ಮಿಯ ಮೇಲೆ ಕೂರಿಸುವುದು ಸರಿಯಾದ ಕ್ರಮ.

ಎರಡನೆಯದು ಚಳಿಯ ಮಾತು. ಜಾತ್ರೆಯ ಕಾಲದ ರಾತ್ರಿಗಳಲ್ಲಿ ಟ್ರೇಲರಿನ ಉಕ್ಕಿನ ತಳವು ಮೈಯ ಕಾವನ್ನೆಲ್ಲ ಹೀರುತ್ತದೆ. ಮರಕ್ಕೆ ಹೋಲಿಸಿದರೆ ಉಕ್ಕು ನೂರಾರು ಪಟ್ಟು ಹೆಚ್ಚು ಉಷ್ಣವಾಹಕ. ತಳದ ಮೇಲೆ ಒಂದು ಗೇಣು ಒಣಹುಲ್ಲನ್ನು ಹಾಸುವ ನಮ್ಮ ಹಿರಿಯರ ಪದ್ಧತಿ ಇಲ್ಲಿ ಸಾರ್ಥಕವಾಗುತ್ತದೆ. ಕಾವನ್ನು ತಡೆಯುವುದು ಹುಲ್ಲಿಗಿಂತ ಹೆಚ್ಚಾಗಿ ಅದರ ಎಳೆಗಳ ನಡುವೆ ಸಿಕ್ಕಿಬಿದ್ದು ಅಲುಗಾಡದೆ ನಿಂತ ಗಾಳಿ. ಕೌದಿಯ ಪದರಗಳ ನಡುವೆಯೂ ಕಂಬಳಿಯ ಉಣ್ಣೆಯಲ್ಲಿಯೂ ಇದೇ ಗಾಳಿ ಕೆಲಸ ಮಾಡುತ್ತದೆ. ಹುಲ್ಲು ಒದ್ದೆಯಾದರೆ ಗಾಳಿಯ ಜಾಗವನ್ನು ನೀರು ಹಿಡಿದುಕೊಂಡು ಹಾಸಿಗೆ ತಣ್ಣಗಾಗುತ್ತದೆ. ಆದ್ದರಿಂದ ಹುಲ್ಲಿನ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆಯಿರುವುದು ಒಳ್ಳೆಯದು.

ಮೂರನೆಯದು ಬಿಸಿಲು. ನಡುಹಗಲಿನ ನೇರ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1000 ವಾಟಿನಷ್ಟು ಶಕ್ತಿಯನ್ನು ಸುರಿಯುತ್ತದೆ. ಹತ್ತು ಅಡಿ ಉದ್ದ, ಆರು ಅಡಿ ಅಗಲದ ಟ್ರೇಲರಿನ ಮಾಡು ಸುಮಾರು ಐದೂವರೆ ಚದರ ಮೀಟರು. ಅಂದರೆ ಸಾವಿರ ವಾಟಿನ ಐದು ಇಸ್ತ್ರಿಪೆಟ್ಟಿಗೆಗಳನ್ನು ನೆತ್ತಿಯ ಮೇಲೆ ಹಚ್ಚಿಟ್ಟಂತೆ! ಕಪ್ಪು ಬಣ್ಣದ ತಾಡಪತ್ರಿ ಇದರಲ್ಲಿ ಹೆಚ್ಚಿನ ಪಾಲನ್ನು ಹೀರಿ ಕಾದು, ಒಳಗಿನವರ ಮೇಲೆ ಕಾವನ್ನು ಬೀರುತ್ತದೆ. ಇದಕ್ಕೆ ಸುಲಭವಾದ ಉಪಾಯವೆಂದರೆ ಜೋಡು ಮಾಡು. ಮೊದಲ ತಾಡಪತ್ರಿಗಿಂತ ಒಂದು ಗೇಣು ಎತ್ತರದಲ್ಲಿ ಇನ್ನೊಂದನ್ನು, ಸಾಧ್ಯವಾದರೆ ಬಿಳಿಯ ಬಣ್ಣದ್ದನ್ನು, ಕಟ್ಟಿ ಎರಡು ತುದಿಗಳನ್ನೂ ತೆರೆದಿಡಬೇಕು. ಮೇಲಿನದು ಬಿಸಿಲನ್ನು ತಡೆಯುತ್ತದೆ, ನಡುವೆ ಹಾಯುವ ಗಾಳಿಯು ಕಾವನ್ನು ಹೊತ್ತೊಯ್ಯುತ್ತದೆ, ಕೆಳಗಿನದು ನೆರಳಿನಲ್ಲಿ ಉಳಿಯುತ್ತದೆ. ಒಣಹವೆಯಿದ್ದಾಗ ಗಾಳಿ ಬರುವ ಕಡೆಗೆ ನೆನೆಸಿದ ಗೋಣಿತಟ್ಟನ್ನು ಇಳಿಬಿಟ್ಟರೆ ಮತ್ತಷ್ಟು ತಂಪು. ನೀರು ಆವಿಯಾಗುವಾಗ ಸುತ್ತಲಿನ ಉಷ್ಣವನ್ನು ಹೀರಿಕೊಳ್ಳುವುದರಿಂದ ಹೀಗಾಗುತ್ತದೆ. ಮಣ್ಣಿನ ಹರವಿಯಲ್ಲಿ ನೀರು ತಣ್ಣಗಿರುವುದೂ ಇದೇ ನಿಯಮದಿಂದ.

ದೀಪಕ್ಕಾಗಿ ಟ್ರ್ಯಾಕ್ಟರಿನ ಬ್ಯಾಟರಿಯನ್ನು ರಾತ್ರಿಯೆಲ್ಲ ಬಳಸಿ, ಬೆಳಗ್ಗೆ ಎಂಜಿನ್ನು ಹೊರಡದೆ ಪೇಚಾಡುವವರುಂಟು. 5 ವಾಟಿನ ಮೂರು ಎಲ್‌ಇಡಿ ದೀಪಗಳು ಐದು ಗಂಟೆ ಉರಿದರೆ ಖರ್ಚಾಗುವುದು 75 ವಾಟ್-ಗಂಟೆ ಮಾತ್ರ. ಒಂದು ಚಿಕ್ಕ ಬೇರೆಯ ಬ್ಯಾಟರಿ, ಹಗಲಲ್ಲಿ ಅದನ್ನು ತುಂಬಲು ಒಂದು ಸಣ್ಣ ಸೌರಫಲಕ, ತಂತಿಯ ಆರಂಭದಲ್ಲಿಯೇ ಒಂದು ಫ್ಯೂಜು, ಇಷ್ಟಿದ್ದರೆ ಸಾಕು. ಹುಲ್ಲಿನ ಹಾಸಿಗೆಯ ಬಳಿ ಫ್ಯೂಜಿಲ್ಲದ ತಂತಿಯೆಂದರೆ ಕಿಡಿಗಾಗಿ ಕಾದು ಕುಳಿತ ಒಲೆ.

ಗಾಳಿ ಮತ್ತು ಬೆಂಕಿ

ಬಿಡಾರದಲ್ಲಿ ಎಲ್ಲಕ್ಕಿಂತ ದೊಡ್ಡ ಶತ್ರುವು ಕಣ್ಣಿಗೆ ಕಾಣದಂಥದು. ಮಲಗಿದ ಮನುಷ್ಯನು ಗಂಟೆಗೆ ಸುಮಾರು 15 ಲೀಟರು ಇಂಗಾಲಾಮ್ಲ ಅನಿಲವನ್ನು ಉಸಿರಿನೊಡನೆ ಹೊರಬಿಡುತ್ತಾನೆ. ನಮ್ಮ ಟ್ರೇಲರಿನೊಳಗಿನ ಅವಕಾಶವು ಸುಮಾರು 8 ಘನ ಮೀಟರು, ಅಂದರೆ 8000 ಲೀಟರು. ಆರು ಮಂದಿ ಮಲಗಿ, ಚಳಿಯೆಂದು ತಾಡಪತ್ರಿಯ ಅಂಚುಗಳನ್ನೆಲ್ಲ ಬಿಗಿದು ಮುಚ್ಚಿದರೆ ಒಂದೇ ಗಂಟೆಯಲ್ಲಿ ಈ ಅನಿಲವು ನೂರಕ್ಕೆ ಒಂದು ಪಾಲಿನಷ್ಟಾಗುತ್ತದೆ. ಹೊರಗಿನ ಗಾಳಿಯಲ್ಲಿ ಅದು ಇರುವುದು ಹತ್ತು ಸಾವಿರಕ್ಕೆ ನಾಲ್ಕು ಪಾಲಿಗಿಂತ ಕೊಂಚ ಹೆಚ್ಚು. ಬೆಳಗಿನ ತಲೆನೋವಿಗೆ ದೇವರ ಮುನಿಸನ್ನು ಕಾರಣ ಮಾಡಬೇಕಾಗಿಲ್ಲ. ಮಾಡಿನ ಎರಡು ತುದಿಗಳಲ್ಲಿಯೂ ಒಂದೊಂದು ಗೇಣು ಕಂಡಿಯನ್ನು ರಾತ್ರಿಯಿಡೀ ತೆರೆದಿಟ್ಟರೆ ಇದು ತಪ್ಪುತ್ತದೆ.

ಇದಕ್ಕಿಂತ ಘೋರವಾದುದು ಕೆಂಡ. ಚಳಿ ಕಾಯಿಸಲು ಬುಟ್ಟಿಯಲ್ಲಿ ಕೆಂಡವನ್ನು ಒಳಗಿಟ್ಟುಕೊಂಡು ಮಲಗುವ ರೂಢಿ ಕೆಲವೆಡೆ ಇದೆ. ಗಾಳಿ ಸಾಲದೆ ಉರಿಯುವ ಇದ್ದಿಲಿನಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವು ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಬಲವಾಗಿ ಹಿಡಿದುಕೊಳ್ಳುತ್ತದೆ. ನಿದ್ರೆಯಲ್ಲಿರುವವನಿಗೆ ಅದರ ಸುಳಿವೇ ಹತ್ತುವುದಿಲ್ಲ, ನಿದ್ರೆಯು ಹಾಗೆಯೇ ಕೊನೆಯಿಲ್ಲದ ನಿದ್ರೆಯಾಗುತ್ತದೆ. ಕೆಂಡದಲ್ಲಿ ಹೊಗೆಯಿಲ್ಲವೆಂಬುದು ಅಭಯವಲ್ಲ. ಹೊಗೆಯಾದರೂ ಕೆಮ್ಮಿಸಿ ಎಚ್ಚರಿಸುತ್ತದೆ, ಈ ಅನಿಲವು ಎಚ್ಚರಿಸುವುದಿಲ್ಲ.

ಅಡುಗೆಯ ಗ್ಯಾಸಿನ ಗುಣ ಇನ್ನೊಂದು ಬಗೆ. ಅದು ಗಾಳಿಗಿಂತ ಸುಮಾರು ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ನೀರಿನಂತೆ ತಗ್ಗಿಗೆ ಇಳಿದು ನಿಲ್ಲುತ್ತದೆ. ಟ್ರೇಲರೆಂದರೆ ನಾಲ್ಕು ಕಡೆಯೂ ಹಲಗೆಯಿರುವ ತೊಟ್ಟಿಯಲ್ಲವೆ? ಸೋರಿದ ಗ್ಯಾಸು ಆ ತೊಟ್ಟಿಯ ತಳದಲ್ಲಿ, ಹುಲ್ಲಿನ ನಡುವೆ, ಮಲಗಿದವರ ಮೂಗಿನ ಮಟ್ಟದಲ್ಲಿ ತುಂಬಿಕೊಳ್ಳುತ್ತದೆ. ಹೀಗಾಗಿ ಒಲೆಯೂ ಸಿಲಿಂಡರೂ ಟ್ರೇಲರಿನಿಂದ ದೂರ, ಬಯಲಿನಲ್ಲಿ, ಗಾಳಿಯ ಇಳಿಗಡೆ ಇರತಕ್ಕದ್ದು. ಕೈಗೆ ಸಿಗುವಂತೆ ಒಂದು ಕೊಡ ನೀರು ಮತ್ತು ಒಂದು ಚೀಲ ಮರಳು ಇರಲಿ. ಹಿಂಬದಿಯ ಹಲಗೆಯನ್ನು ರಾತ್ರಿಯೂ ಒಳಗಿನಿಂದ ತೆರೆಯಲು ಬರುವಂತಿರಬೇಕು.

ದಾರಿ ಬೇರೆ, ಬಿಡಾರ ಬೇರೆ

ಇಷ್ಟನ್ನು ತಿಳಿದ ಮೇಲೆ ತೀರ್ಮಾನವು ಸರಳವಾಗಿದೆ. ಟ್ರೇಲರು ಓಡುವಾಗ ಸರಕಿನ ವಾಹನ, ನಿಂತಾಗ ಮನೆ. ಎರಡನ್ನೂ ಒಂದೇ ಹೊತ್ತಿನಲ್ಲಿ ಮಾಡಿಸಹೋದಲ್ಲಿಯೇ ವಿಪತ್ತು ಇದೆ. ಸರಕಿನ ವಾಹನದಲ್ಲಿ ಜನರನ್ನು ಸಾಗಿಸುವುದನ್ನು ಕಾನೂನೂ ಒಪ್ಪುವುದಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿಯಾದ ವಾಹನದ ರಚನೆಯನ್ನು ಮನಸ್ಸಿಗೆ ಬಂದಂತೆ ಖಾಯಂ ಆಗಿ ಬದಲಿಸುವುದಕ್ಕೂ ಅವಕಾಶವಿಲ್ಲ. ಬಿಚ್ಚಿ ತೆಗೆಯಬಹುದಾದ ಕಮಾನು ಮತ್ತು ತಾಡಪತ್ರಿಗಳನ್ನು ಊರು ಮುಟ್ಟಿದ ಮೇಲೆ ಕಟ್ಟುವುದೇ ಎಲ್ಲ ರೀತಿಯಿಂದಲೂ ಲೇಸು. ಹಗಲಿನಲ್ಲಿಯೇ ಹೊರಡುವುದು, ಹುಕ್ಕಿನ ಪಿನ್ನಿಗೆ ತಾಳವಿದೆಯೇ ಎಂದು ನೋಡುವುದು, ಟ್ರೇಲರಿನ ಹಿಂಬದಿಗೆ ಕೆಂಪು ಪ್ರತಿಫಲಕಗಳನ್ನು ಅಂಟಿಸುವುದು, ಇವು ಐದು ನಿಮಿಷದ ಕೆಲಸಗಳು. ಪ್ರತಿಫಲಕವು ಹಿಂದಿನಿಂದ ಬರುವ ವಾಹನದ ಬೆಳಕನ್ನು ಬಂದ ದಾರಿಯಲ್ಲಿಯೇ ಹಿಂದಿರುಗಿಸಿ, ಕತ್ತಲಲ್ಲಿ ಕೆಟ್ಟು ನಿಂತ ಟ್ರೇಲರನ್ನು ದೂರದಿಂದಲೇ ತೋರಿಸುತ್ತದೆ.

ಜನರ ಗತಿಯೇನು? ಜಾತ್ರೆಯ ದಿನಗಳಲ್ಲಿ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯು ಹೆಚ್ಚಿನ ಬಸ್ಸುಗಳನ್ನು ಓಡಿಸುತ್ತದೆ. 2023ರ ಜೂನ್ ತಿಂಗಳಲ್ಲಿ ಸಾರಿಗೆ ಸಂಸ್ಥೆಗಳ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಉಚಿತ ಪ್ರಯಾಣವೂ ಜಾರಿಗೆ ಬಂದಿತು. ಟ್ರೇಲರು ಸಾಮಾನಿನೊಡನೆ ಒಂದು ದಿನ ಮೊದಲೇ ಹೋಗಿ ಬಿಡಾರವನ್ನು ಹೂಡಿಕೊಂಡಿದ್ದರೆ, ಬಸ್ಸಿನಲ್ಲಿ ಬಂದವರಿಗೆ ನೆರಳೂ ಹಾಸಿಗೆಯೂ ಸಿದ್ಧವಾಗಿರುತ್ತವೆ.

ಕರ್ಜಗಿಯ ಆ ಅಂಗಳದಲ್ಲಿ ಈ ಲೆಕ್ಕಗಳನ್ನು ಮಣ್ಣಿನ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದಾಗ ಹುಡುಗನು ಡ್ರಮ್ಮನ್ನು ತಾನಾಗಿಯೇ ಅಚ್ಚಿನ ಮುಂದಕ್ಕೆ ತಂದಿಟ್ಟನು. ಅಜ್ಜನವರು ನಮ್ಮ ಗೀಚಾಟವನ್ನು ಸ್ವಲ್ಪ ಹೊತ್ತು ನೋಡಿ, "ಇದನ್ನ ನಾವು ಎತ್ತಿನ ಹೆಗಲು ನೋಡಿ ಕಲತಿದ್ವಿ. ಈಗಿನ ಹುಡುಗರು ಲೆಕ್ಕಾ ಮಾಡಿ ಕಲೀಲಿ, ಆದ್ರ ಕಲೀಲಿ" ಎಂದರು. ಬಳಿಕ ಮನೆಯೊಳಕ್ಕೆ ಮುಖ ಮಾಡಿ, ಅಜ್ಜಿಯೂ ಮಕ್ಕಳೂ ಈ ಸಲ ಬಸ್ಸಿಗೇ ಬರಲೆಂದು ಕೂಗಿ ಹೇಳಿದರು. ಕಟ್ಟಿದ್ದ ಕಮಾನುಗಳನ್ನು ಇಬ್ಬರೂ ಕೂಡಿ ಬಿಚ್ಚಿ, ಬಿದಿರನ್ನೂ ತಾಡಪತ್ರಿಯನ್ನೂ ಟ್ರೇಲರಿನ ತಳದಲ್ಲಿ ತಗ್ಗಾಗಿ ಹೇರಿ ಹಗ್ಗ ಬಿಗಿದರು. ಮೈಲಾರದ ಬಯಲಿನಲ್ಲಿ ಅದು ಮತ್ತೆ ಮನೆಯಾಗುವುದಿತ್ತು.